ಐನೂರು ರೂಪಾಯಿಯ ಹೊಲವೋ, ಐದು ಸಾವಿರದ ಗೇಮ್ ಡಿಸ್ಕೋ: ಯಾವ ಗೇಮಿಗೆ ರೊಕ್ಕ ಹಾಕೋದು ಚಲೋ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಹೊಲ ಮಾಡುವ ಗೇಮ್ ಸ್ಟಾರ್ಡ್ಯೂ ವ್ಯಾಲಿ. ಕೊಟ್ಟ ರೊಕ್ಕ ಪೂರಾ ವಸೂಲಾಗುವ ಗೇಮ್ ಯಾವುದು ಎಂದು ಯಾರು ಕೇಳಿದರೂ ಇದೇ ಹೆಸರು ಹೇಳುತ್ತೇನೆ. ಇದರ ಎದುರು ಇಟ್ಟು ನೋಡಿದ್ದು ನಾಲ್ಕು: ಪ್ಲೇಸ್ಟೇಷನ್ 5 (ಪಿಎಸ್5) ಎಂಬ ಗೇಮ್ ಕನ್ಸೋಲಿನ ಮಾರ್ವೆಲ್ಸ್ ಸ್ಪೈಡರ್-ಮ್ಯಾನ್ 2 ಡಿಸ್ಕ್, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ಕೊಂಡ ದಿ ವಿಚರ್ 3, ತಿಂಗಳ ಚಂದಾ ಕಟ್ಟಿ ಹಲವು ಗೇಮ್ ಆಡುವ ಪಿಸಿ ಗೇಮ್ ಪಾಸ್, ಮತ್ತು ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಬಿಜಿಎಂಐ. ಯಾವುದರ ಚಿತ್ರ ಎಷ್ಟು ಚಂದ, ಯಾವುದಕ್ಕೆ ಎಷ್ಟು ರ‍್ಯಾಮ್ ಬೇಕು ಎಂಬುದು ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ರಾತ್ರಿ ಊಟವಾದ ಮೇಲೆ ಮುಕ್ಕಾಲು ತಾಸು ಮಾತ್ರ ಆಡಲು ಸಿಗುವವರ ಲೆಕ್ಕ ಇದು.

ಎಲ್ಲರೂ ಮಾಡುವ ಲೆಕ್ಕ ಒಂದಿದೆ: ಬೆಲೆಯನ್ನು ಆಡುವ ತಾಸಿನಿಂದ ಭಾಗಿಸುವುದು. ಸ್ಪೈಡರ್-ಮ್ಯಾನ್ 2 ಭಾರತದಲ್ಲಿ ಬಿಡುಗಡೆಯಾದದ್ದು 4,999 ರೂಪಾಯಿಗೆ. ಮುಖ್ಯ ಕಥೆ ಹೆಚ್ಚುಕಡಿಮೆ 17 ತಾಸಿಗೆ ಮುಗಿಯುತ್ತದೆ. ತಾಸಿಗೆ 294 ರೂಪಾಯಿ ಬಿತ್ತು. ಆಡಿ ಮುಗಿಸಿ ಡಿಸ್ಕನ್ನು 3,000ಕ್ಕೆ ಮಾರಿದಿರಿ ಎಂದುಕೊಳ್ಳಿ, ಆಗ ನಿಮ್ಮ ಖರ್ಚು 1,999, ತಾಸಿಗೆ 118. ಸ್ಟಾರ್ಡ್ಯೂ ವ್ಯಾಲಿಗೆ ಸೇಲ್ ಇಲ್ಲದ ದಿನವೂ ಐನೂರರೊಳಗೇ ಬೆಲೆ. ನೂರು ತಾಸು ಆಡಿದರೂ ಅದರಲ್ಲಿ ಮಾಡದೆ ಉಳಿದ ಕೆಲಸ ಇರುತ್ತದೆ. ತಾಸಿಗೆ ಐದು ರೂಪಾಯಿಯೂ ಆಗಲಿಲ್ಲ.

ಆದರೆ ಈ ಭಾಗಾಕಾರವನ್ನೇ ಪೂರಾ ನಂಬಬಾರದು. ನಕ್ಷೆ ಹಿಗ್ಗಿಸಿ, ಒಂದೇ ಕೆಲಸವನ್ನು ನೂರು ಸಲ ಮಾಡಿಸುವ ಗೇಮುಗಳೂ ಈ ಲೆಕ್ಕದಲ್ಲಿ ಪಾಸಾಗುತ್ತವೆ. ಭಾಗಿಸಬೇಕಾದದ್ದು ಡಬ್ಬಿಯ ಮೇಲೆ ಬರೆದ ತಾಸಿನಿಂದ ಅಲ್ಲ, ನೀವು ನಿಜವಾಗಿ ಕೂತು ಆಡುವ ತಾಸಿನಿಂದ. ಬೆಲೆಗೂ ಕೊಂಡ ಮೇಲಿನ ಖರ್ಚನ್ನು ಕೂಡಿಸಬೇಕು. ಅಲ್ಲಿಯೇ ನಮ್ಮ ಕಡೆಯವರಿಗೆ ದೊಡ್ಡ ಪೆಟ್ಟು ಬೀಳುವುದು.

ಆ ಪೆಟ್ಟಿನ ಹೆಸರು ಅಪ್‌ಡೇಟ್. ಇದನ್ನು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಗೇಮ್ ಕೊಳ್ಳುವಾಗ ಯಾರೂ ಇದರ ಲೆಕ್ಕ ಹಿಡಿಯುವುದಿಲ್ಲ.

ಮೊದಲು ಡೌನ್‌ಲೋಡ್. ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ಪ್ಯಾಕ್ ನಂಬಿಕೊಂಡರೆ 50 ಜಿಬಿಯ ವಿಚರ್ 3 ಇಳಿಯಲು 33 ದಿನ ಬೇಕು, ಅದೂ ಮನೆಯವರು ಒಂದು ರೀಲ್ಸ್ ಕೂಡ ನೋಡದಿದ್ದರೆ. ಬೆಳಗಾವಿಯ ಟಿಳಕವಾಡಿಯಲ್ಲೋ ಬಾಗಲಕೋಟೆಯ ನವನಗರದಲ್ಲೋ ಮನೆಗೆ ಫೈಬರ್ ಇದ್ದು, 40 ಎಂಬಿಪಿಎಸ್ ಬರುತ್ತಿದ್ದರೆ 100 ಜಿಬಿ ಇಳಿಸಲು ಐದೂವರೆ ತಾಸು. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ. ಇಲ್ಲಿಯವರೆಗೆ ದೊಡ್ಡ ತೊಂದರೆಯೇನಿಲ್ಲ.

ತೊಂದರೆ ಶುರುವಾಗುವುದು ಮುಂದೆ. ದೊಡ್ಡ ಗೇಮುಗಳು ತಮ್ಮ ಚಿತ್ರ, ಧ್ವನಿ, ನಕ್ಷೆಗಳನ್ನೆಲ್ಲ ಹತ್ತಾರು ಜಿಬಿಯ ಕೆಲವೇ ಫೈಲುಗಳಲ್ಲಿ ತುಂಬಿಟ್ಟಿರುತ್ತವೆ. ಅಪ್‌ಡೇಟ್ 2 ಜಿಬಿ ಎಂದು ತೋರಿಸುತ್ತದೆ, ಅಷ್ಟೇ ಇಳಿಯುತ್ತದೆ ಕೂಡ. ಆದರೆ ಬದಲಾವಣೆ ಆ ದೊಡ್ಡ ಫೈಲಿನೊಳಗೆ ಅಲ್ಲಲ್ಲಿ ಆಗಬೇಕಾದ್ದರಿಂದ ಸ್ಟೀಮ್ ಹಳೆಯ ಫೈಲನ್ನು ಓದಿ, ಹೊಸ ತುಣುಕು ಸೇರಿಸಿ, ಇಡೀ ಫೈಲನ್ನು ಇನ್ನೊಂದು ಜಾಗದಲ್ಲಿ ಹೊಸದಾಗಿ ಬರೆಯುತ್ತದೆ. ಫೈಲ್ 60 ಜಿಬಿ ಇದ್ದರೆ ಅಷ್ಟನ್ನೂ ಓದಬೇಕು, ಅಷ್ಟನ್ನೂ ಬರೆಯಬೇಕು, ಅಷ್ಟು ಖಾಲಿ ಜಾಗವೂ ಬೇಕು. ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದು ಕೆಲವೇ ನಿಮಿಷದ ಕೆಲಸ. ಹಳೆಯ ಲ್ಯಾಪ್‌ಟಾಪಿನ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವುದೂ ಬರೆಯುವುದೂ ಅದೇ ಮುಳ್ಳಿನಿಂದ ಆಗಬೇಕು. ಅದು ಹಿಂದೆ ಮುಂದೆ ಓಡಾಡುತ್ತಲೇ ತಾಸುಗಟ್ಟಲೆ ಹಿಡಿಯುತ್ತದೆ. ಇಂಟರ್ನೆಟ್ ವೇಗ ಸೊನ್ನೆ ತೋರಿಸುತ್ತದೆ, ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿರುತ್ತದೆ. ನೆಟ್ ಕೆಟ್ಟಿದೆ ಎಂದು ರೌಟರ್ ಬಂದ್ ಮಾಡಿ ಹಚ್ಚುವವರು ಬಹಳ. ತಪ್ಪು ರೌಟರಿನದಲ್ಲ.

ಈ ಕೆಲಸ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತೆನ್ನಿ. ಮತ್ತೆ ಬಂದಾಗ ಸ್ಟೀಮ್ ಬರೆದದ್ದೆಲ್ಲ ಸರಿ ಇದೆಯೇ ಎಂದು ಮೊದಲಿನಿಂದ ತಪಾಸಣೆ ಮಾಡುತ್ತದೆ. ನಿಮ್ಮ ಮುಕ್ಕಾಲು ತಾಸು ಅಲ್ಲಿಗೆ ಮುಗಿಯಿತು. ಪಿಎಸ್4 ಇದ್ದವರಿಗೂ ಇದು ಗೊತ್ತಿರುತ್ತದೆ: ಚಿಕ್ಕ ಅಪ್‌ಡೇಟ್ ಇಳಿದ ಮೇಲೆ 'ಕಾಪಿಯಿಂಗ್' ಎಂಬ ಪಟ್ಟಿ ಬಂದು ನಿಲ್ಲುತ್ತದೆ, ಗೇಮಿನಷ್ಟೇ ಖಾಲಿ ಜಾಗ ಕೇಳುತ್ತದೆ.

ಇದಕ್ಕೆ ಪರಿಹಾರವಿದೆ. ಸ್ಟೀಮ್‌ನಲ್ಲಿ ಗೇಮಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಅಪ್‌ಡೇಟ್ಸ್‌ಗೆ ಹೋಗಿ, ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂಬ ಆಯ್ಕೆ ಹಾಕಿ. ಆಮೇಲೆ ಸ್ಟೀಮನ್ನು ಆಫ್‌ಲೈನ್ ಮೋಡಿಗೆ ಒಯ್ದು ಆಡಿ. ಅಪ್‌ಡೇಟ್ ಸಾಮಾನ್ಯವಾಗಿ ಕೇಳುವುದಿಲ್ಲ. ರಜೆಯ ದಿನ ಬೆಳಗ್ಗೆ ಆನ್‌ಲೈನ್ ಬಂದು ಎಲ್ಲ ಮುಗಿಸಿಕೊಳ್ಳಬಹುದು. ಮನೆಯಲ್ಲೋ ಹಾಸ್ಟೆಲ್ಲಿನಲ್ಲೋ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದೇ ಗೇಮ್ ಇದ್ದರೆ ಇಂಟರ್ನೆಟ್ಟಿನಿಂದ ಇಳಿಸುವ ಅವಶ್ಯಕತೆಯೂ ಇಲ್ಲ. 2023ರ ಫೆಬ್ರವರಿಯಿಂದ ಸ್ಟೀಮ್‌ನಲ್ಲಿ ಒಂದೇ ವೈಫೈ ಮೇಲಿರುವ ಎರಡು ಕಂಪ್ಯೂಟರುಗಳ ನಡುವೆ ಫೈಲ್ ಸಾಗಿಸುವ ಸೌಲಭ್ಯ ಇದೆ. ಸೆಟ್ಟಿಂಗ್ಸ್, ಡೌನ್‌ಲೋಡ್ಸ್‌ನಲ್ಲಿ ಅದನ್ನು ಎರಡೂ ಕಡೆ ಚಾಲೂ ಮಾಡಬೇಕು. ಬೆಳಗಾವಿಯ ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ ಇರುವವರು ಇದೊಂದು ಕಲಿತರೆ ನೂರಾರು ಜಿಬಿ ಉಳಿಯುತ್ತದೆ.

ಸ್ಟಾರ್ಡ್ಯೂ ವ್ಯಾಲಿಗೆ ಇದಾವುದರ ಗೊಡವೆಯೂ ಇಲ್ಲ. ಅದು ಕೇಳುವ ಜಾಗ ಸುಮಾರು 500 ಎಂಬಿ. ಒಂದು ದಿನದ ಮೊಬೈಲ್ ಡೇಟಾದ ಮೂರನೇ ಒಂದು ಪಾಲು, ಅಷ್ಟೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ವಿಚರ್ 3 ಹಚ್ಚಿದ ಲ್ಯಾಪ್‌ಟಾಪ್ ಕಾದು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಆಟ ಎಳೆದೆಳೆದು ಓಡುತ್ತದೆ. ಸ್ಟಾರ್ಡ್ಯೂ ಓಡುವಾಗ ಫ್ಯಾನಿನ ಸದ್ದೂ ದೊಡ್ಡದಾಗುವುದಿಲ್ಲ.

ಎರಿಕ್ ಬರೋನ್ ಎಂಬ ಒಬ್ಬರೇ ಕೂತು ಬರೆದು, ಚಿತ್ರಿಸಿ, ಸಂಗೀತ ಕಟ್ಟಿ 2016ರ ಫೆಬ್ರವರಿಯಲ್ಲಿ ಹೊರತಂದ ಗೇಮ್ ಇದು. ಆಮೇಲೆ ಬಂದ ದೊಡ್ಡ ಸೇರ್ಪಡೆಗಳೆಲ್ಲ ಕೊಂಡವರಿಗೆ ಪುಕ್ಕಟೆಯಾಗಿಯೇ ಸಿಕ್ಕವು. 2018ರಲ್ಲಿ ಜೊತೆಗೂಡಿ ಆಡುವ ಸೌಲಭ್ಯ, 2020ರ ಕೊನೆಗೆ 1.5ರಲ್ಲಿ ಹೊಸ ದ್ವೀಪ ಮತ್ತು ಒಂದೇ ಪರದೆ ಹಂಚಿಕೊಂಡು ಆಡುವುದು, 2024ರ ಮಾರ್ಚ್‌ನಲ್ಲಿ 1.6. ಒಂದಕ್ಕೂ ಒಂದು ರೂಪಾಯಿ ಕೇಳಲಿಲ್ಲ. ಐದು ಸಾವಿರ ತೆಗೆದುಕೊಂಡ ಮೇಲೂ ಬಣ್ಣದ ಬಟ್ಟೆಗೆ ಬೇರೆ ರೊಕ್ಕ ಕೇಳುವ ಗೇಮುಗಳ ನಡುವೆ ಈ ನಡತೆಗೆ ನಾನು ಬೆಲೆ ಕಟ್ಟುತ್ತೇನೆ.

ಮುಕ್ಕಾಲು ತಾಸಿನ ಆಟಗಾರನಿಗೆ ಇದು ಯಾಕೆ ಒಗ್ಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಗೇಮಿನ ಗಡಿಯಾರ ಪ್ರತಿ ಏಳು ಸೆಕೆಂಡಿಗೆ ಹತ್ತು ನಿಮಿಷ ಮುಂದೆ ಹೋಗುತ್ತದೆ. ಬೆಳಗ್ಗೆ ಆರಕ್ಕೆ ಏಳುವ ನಿಮ್ಮ ರೈತ ರಾತ್ರಿ ಎರಡಕ್ಕೆ ಎಲ್ಲಿದ್ದರೂ ಕುಸಿದು ಮಲಗುತ್ತಾನೆ. ಅಂದರೆ ಒಂದು ದಿನಕ್ಕೆ ನಮ್ಮ 14 ನಿಮಿಷ. ಮಲಗಿದಾಗ ಮಾತ್ರ ಗೇಮ್ ಸೇವ್ ಆಗುತ್ತದೆ. ಹಗಲ ನಡುವೆ ಸೇವ್ ಇಲ್ಲ ಎಂದು ಬೈಯುವವರಿದ್ದಾರೆ, ಆದರೆ ನಡುವೆ ಕಂಪ್ಯೂಟರ್ ಬಂದ್ ಬಿದ್ದರೂ ಕಳೆಯುವುದು ಹೆಚ್ಚೆಂದರೆ ಹದಿನಾಲ್ಕು ನಿಮಿಷದ ಕೆಲಸ. ಮುಕ್ಕಾಲು ತಾಸಿನಲ್ಲಿ ಮೂರು ದಿನ ಮುಗಿಯುತ್ತವೆ, ಮೂರು ಸಲ ಸೇವ್ ಆಗುತ್ತದೆ.

ಸೇವ್ ಆಗುತ್ತಿರುವ ಕ್ಷಣದಲ್ಲೇ ಕರೆಂಟ್ ಹೋಗಿ ಫೈಲ್ ಕೆಟ್ಟರೂ ದಾರಿ ಇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಚೌಕದಲ್ಲಿ ಆ್ಯಪ್‌ಡೇಟಾ ಎಂಬ ಪದವನ್ನು ಇಂಗ್ಲಿಷಿನಲ್ಲಿ, ಹಿಂದೊಂದು ಮುಂದೊಂದು ಶೇಕಡಾ ಚಿಹ್ನೆ ಹಾಕಿ ಬರೆದು ಎಂಟರ್ ಒತ್ತಿ. ಸ್ಟಾರ್ಡ್ಯೂ ವ್ಯಾಲಿ ಫೋಲ್ಡರ್, ಅದರೊಳಗೆ ಸೇವ್ಸ್, ಅದರೊಳಗೆ ನಿಮ್ಮ ರೈತನ ಹೆಸರಿನ ಫೋಲ್ಡರ್. ಅಲ್ಲಿ ಎರಡು ಮುಖ್ಯ ಫೈಲುಗಳಿರುತ್ತವೆ, ಅವುಗಳ ಜೊತೆಗೆ ಕೊನೆಯಲ್ಲಿ 'ಓಲ್ಡ್' ಎಂದಿರುವ ಎರಡು ಪ್ರತಿಗಳು. ಅವು ಹಿಂದಿನ ದಿನದ ಸೇವ್. ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಕೆಟ್ಟ ಎರಡನ್ನು ತೆಗೆದು, ಪ್ರತಿಗಳ ಹೆಸರಿನಿಂದ ಅಡಿಗೆರೆ ಸಮೇತ ಆ 'ಓಲ್ಡ್' ಅಳಿಸಿದರೆ ಒಂದು ದಿನ ಹಿಂದೆ ಹೋಗಿ ಆಟ ಮುಂದುವರಿಯುತ್ತದೆ.

ಕೊರತೆ ಇಲ್ಲವೇ ಎಂದರೆ ಇದೆ. ಮೀನು ಹಿಡಿಯುವ ಆಟ ಶುರುವಿನಲ್ಲಿ ಸಿಟ್ಟು ತರಿಸುತ್ತದೆ. ಹಸಿರು ಪಟ್ಟಿ ಚಿಕ್ಕದು, ಮೀನು ಮೇಲೆ ಕೆಳಗೆ ಜಿಗಿಯುತ್ತದೆ, ಬಹಳ ಜನ ಇಲ್ಲಿಯೇ ಗೇಮ್ ಬಿಡುತ್ತಾರೆ. ಸಮುದ್ರ ದಂಡೆಯ ವಿಲ್ಲಿಯ ಅಂಗಡಿಯಲ್ಲಿ 25 ನಾಣ್ಯಕ್ಕೆ ಟ್ರೇನಿಂಗ್ ರಾಡ್ ಸಿಗುತ್ತದೆ. ಅದರಲ್ಲಿ ಪಟ್ಟಿ ದೊಡ್ಡದಾಗುತ್ತದೆ, ಸುಲಭದ ಮೀನಷ್ಟೇ ಬೀಳುತ್ತವೆ. ಕೈ ಕೂಡುವವರೆಗೆ ಅದನ್ನೇ ಬಳಸಿ. ಇನ್ನೊಂದು, ಋತುವಿಗೆ 28 ದಿನ. ಋತು ಬದಲಾದರೆ ಆ ಋತುವಿನ ಬೆಳೆ ಒಣಗಿ ಹೋಗುತ್ತದೆ. ಬೀಜ ಕೊಳ್ಳುವ ಮೊದಲು ಉಳಿದ ದಿನ ಎಣಿಸಬೇಕು. ದ್ರಾಕ್ಷಿ ನಾಡಿನವರಿಗೆ ಒಂದು ಸೂಚನೆ: ಇಲ್ಲಿ ದ್ರಾಕ್ಷಿ ಬೆಳೆಯುವುದು ಶರತ್ಕಾಲದಲ್ಲಿ. ಹತ್ತು ದಿನಕ್ಕೆ ಮೊದಲ ಫಲ, ಆಮೇಲೆ ಮೂರು ದಿನಕ್ಕೊಮ್ಮೆ. ಹಂದರದ ಬೆಳೆಯಾದ್ದರಿಂದ ಅದರ ಮೇಲೆ ಹಾಯ್ದು ಹೋಗಲು ಬರುವುದಿಲ್ಲ. ಒಟ್ಟಾಗಿ ಚೌಕದಲ್ಲಿ ಹಚ್ಚಿದರೆ ನಡುವಿನ ಗಿಡಕ್ಕೆ ಕೈ ಮುಟ್ಟುವುದಿಲ್ಲ. ಎರಡು ಸಾಲು ಹಚ್ಚಿ ಒಂದು ಸಾಲು ದಾರಿ ಬಿಡಿ.

ಕನ್ನಡ ಭಾಷೆಯ ಆಯ್ಕೆ ಇಲ್ಲ. ವಿಚರ್ 3, ಸ್ಪೈಡರ್-ಮ್ಯಾನ್ 2ರಲ್ಲೂ ಇಲ್ಲ. ಅದು ನನಗೆ ನೋವಿನ ಮಾತೇ.

ಇನ್ನು ಎದುರಾಳಿಗಳು. ಎರಡನೇ ಸ್ಥಾನ ವಿಚರ್ 3ಕ್ಕೆ, ಅದೂ ಸೇಲ್ ಬಂದಾಗ ಮಾತ್ರ. 2015ರ ಗೇಮ್. ಕಂಪ್ಲೀಟ್ ಎಡಿಷನ್ ಎಂದು ಬರೆದದ್ದನ್ನೇ ಕೊಳ್ಳಿ, ಅದರಲ್ಲಿ ಎರಡು ದೊಡ್ಡ ಮುಂದುವರಿಕೆಗಳೂ ಸೇರಿವೆ. ಇದರ ಬೆಲೆ ಸೇಲ್‌ನಲ್ಲಿ ಮೂಲ ದರದ ಐದನೇ ಒಂದು ಭಾಗಕ್ಕೆ ಇಳಿದದ್ದುಂಟು. ಮುಖ್ಯ ಕಥೆಗೇ 50 ತಾಸು, ಬದಿಯ ಕೆಲಸಗಳನ್ನೂ ಹಿಡಿದರೆ ನೂರು. ಕರೆಂಟ್ ಹೋಗುವ ಊರಿಗೆ ಇದರ ದೊಡ್ಡ ಗುಣ ಎಂದರೆ ಎಫ್5 ಒತ್ತಿದ ಕೂಡಲೆ ಸೇವ್ ಆಗುವುದು. ಯುದ್ಧ, ಮಾತುಕತೆಯ ನಡುವೆ ಬಿಟ್ಟರೆ ಉಳಿದ ಹೊತ್ತು ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ಒತ್ತಬಹುದು. 2022ರ ಡಿಸೆಂಬರ್‌ನ ದೊಡ್ಡ ಅಪ್‌ಡೇಟ್ ಪುಕ್ಕಟೆಯೇ, ಆದರೆ ಹಳೆಯ ಲ್ಯಾಪ್‌ಟಾಪಿಗೆ ಭಾರ. ತೆರೆಯುವಾಗ ಡೈರೆಕ್ಟ್‌ಎಕ್ಸ್ 11 ಆಯ್ದುಕೊಳ್ಳಿ. ಅಷ್ಟಕ್ಕೂ ಎಳೆಯುತ್ತಿದ್ದರೆ ಪ್ರಾಪರ್ಟೀಸ್‌ನಲ್ಲಿ ಬೀಟಾಸ್ ತೆರೆದು ಕ್ಲಾಸಿಕ್ ಎಂಬುದನ್ನು ಆರಿಸಿ, ಹಳೆಯ 1.32 ಆವೃತ್ತಿ ಬರುತ್ತದೆ. ಚಿತ್ರದ ವೇಗವನ್ನು ಸೆಕೆಂಡಿಗೆ 30 ಫ್ರೇಮಿಗೆ ಕಟ್ಟಿಹಾಕಿದರೆ ಬೇಸಿಗೆಯ ಕಾವೂ ತಡೆಯುತ್ತದೆ. ದಿನಕ್ಕೆ ಎರಡು ತಾಸು ಸಿಗುವವರಾಗಿದ್ದು, ಎಸ್‌ಎಸ್‌ಡಿಯೂ ಗ್ರಾಫಿಕ್ಸ್ ಕಾರ್ಡೂ ಇದ್ದರೆ ಇದನ್ನೇ ಮೊದಲಿಗೆ ಇಡಬಹುದು. ಮುಕ್ಕಾಲು ತಾಸಿನವರು ಕಥೆಯ ಎಳೆ ಮರೆತು ಬಿಡುವ ಸಂಭವವೇ ಹೆಚ್ಚು.

ಸ್ಪೈಡರ್-ಮ್ಯಾನ್ 2 ಆಡುವಷ್ಟು ಹೊತ್ತು ಅಗ್ದೀ ಚಲೋ ಇದೆ, ಅದರಲ್ಲಿ ಎರಡು ಮಾತಿಲ್ಲ. ಹೆಚ್ಚಿನ ಭಾಗ ಡಿಸ್ಕಿನಿಂದಲೇ ಬರುವುದರಿಂದ ಡೇಟಾ ಉಳಿಯುತ್ತದೆ. ಆದರೆ ಇದರ ಲೆಕ್ಕ ನಿಂತಿರುವುದು ಮರುಮಾರಾಟದ ಮೇಲೆ. ಬಿಡುಗಡೆಯ ಹೊಸದರಲ್ಲಿ ಕೊಂಡು ಒಂದು ತಿಂಗಳೊಳಗೆ ಮುಗಿಸಿ ಮಾರಿದರೆ ಮಾತ್ರ ಅದು ಸರಿ ಹೋಗುತ್ತದೆ. ಕಪಾಟಿನಲ್ಲಿ ಇಟ್ಟರೆ ತಿಂಗಳು ತಿಂಗಳು ಬೆಲೆ ಇಳಿಯುತ್ತದೆ. ಡಿಸ್ಕ್ ಓದುವ ಭಾಗವೇ ಇಲ್ಲದ ಡಿಜಿಟಲ್ ಪಿಎಸ್5 ಇದ್ದವರಿಗೆ ಈ ದಾರಿಯೂ ಇಲ್ಲ. ಹಳೆಯ ಡಿಸ್ಕ್ ಕೊಳ್ಳುವಾಗ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಕೆಳಬದಿ ನೋಡಿ. ಡಬ್ಬಿಯಲ್ಲಿ ಬರುವ ಕೋಡ್ ಒಂದೇ ಸಲದ್ದು, ಮೊದಲ ಮಾಲಕ ಹಾಕಿಕೊಂಡಿದ್ದರೆ ನಿಮಗೆ ಬರುವುದಿಲ್ಲ. ಹೊರದೇಶದ ಡಿಸ್ಕ್ ಆಡಬಹುದು, ಆದರೆ ಅದರ ಹೆಚ್ಚುವರಿ ಭಾಗಗಳು ನಿಮ್ಮ ಭಾರತದ ಖಾತೆಗೆ ಹೊಂದದಿರಬಹುದು. ಕನ್ಸೋಲನ್ನು ಮನೆಯ ಇನ್ವರ್ಟರಿಗೆ ಹಚ್ಚಿದ್ದರೆ ಇನ್ವರ್ಟರಿನ ಸ್ವಿಚ್ ಯುಪಿಎಸ್ ಬದಿಗೆ ಇದೆಯೇ ನೋಡಿ. ಇನ್ನೊಂದು ಬದಿಗೆ ಇದ್ದರೆ ಕರೆಂಟ್ ಬದಲಾಗುವ ಆ ಚೂರು ಹೊತ್ತಿನಲ್ಲೇ ಕನ್ಸೋಲ್ ಬಂದ್ ಬೀಳಬಹುದು. ಮತ್ತೆ ಹಚ್ಚಿದಾಗ ಸ್ಟೋರೇಜ್ ತಪಾಸಣೆಗೆ ಕಾಯಬೇಕು.

ವರ್ಷವರ್ಷ ಹೊಸದಾಗಿ ಬರುವ ಫುಟ್‌ಬಾಲ್ ಗೇಮಿನ ಡಿಸ್ಕ್ ಬೇಡವೇ ಬೇಡ. ಮುಂದಿನ ಸೆಪ್ಟೆಂಬರ್‌ಗೆ ಅದನ್ನು ಕೇಳುವವರಿರುವುದಿಲ್ಲ.

ಗೇಮ್ ಪಾಸ್ ಬಗ್ಗೆ: ನೂರಾರು ಗೇಮ್ ಇವೆ ಎಂಬುದು ನಿಜ, ಆದರೆ ದಿನಕ್ಕೆ ಮುಕ್ಕಾಲು ತಾಸಿನವನು ತಿಂಗಳಿಗೆ ಆಡುವುದು 22 ತಾಸು. ಒಂದು ಮಧ್ಯಮ ಗಾತ್ರದ ಗೇಮ್ ಮುಗಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ದರವೂ ಏರಿತು. ಅಲ್ಲಿರುವ ಗೇಮ್ ನಾಳೆಯೂ ಇರುತ್ತದೆ ಎಂಬ ಭರವಸೆ ಇಲ್ಲ, ಎಕ್ಸ್‌ಬಾಕ್ಸ್ ಕನ್ಸೋಲಿನ ಗೇಮ್ ಪಾಸ್‌ಗೆ ಜಿಟಿಎ 5 ಬಂದು ಹೋಗಿ ಮತ್ತೆ ಬಂದದ್ದಿದೆ. ಪ್ರತಿ ಹೊಸ ಗೇಮಿಗೂ ಮತ್ತೆ ಹತ್ತಾರು ಜಿಬಿ ಇಳಿಸಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ತಿಂಗಳಿಗೆ ತೆಗೆದುಕೊಳ್ಳುವುದಾದರೆ ಒಳ್ಳೆಯದೇ. ರೊಕ್ಕ ಕಟ್ಟಿದ ದಿನವೇ ಆಟೊ-ರಿನ್ಯೂವಲ್ ತೆಗೆದುಬಿಡಿ, ತೆಗೆದರೂ ತಿಂಗಳು ಮುಗಿಯುವವರೆಗೆ ಆಡಬಹುದು.

ಬಿಜಿಎಂಐ ಪುಕ್ಕಟೆ, ಗೆಳೆಯರು ಅಲ್ಲೇ ಇರುತ್ತಾರೆ, ಆಡಿ. ಅದರೊಳಗಿನ ನಾಣ್ಯವಾದ ಯುಸಿಗೆ ಮಾತ್ರ ರೊಕ್ಕ ಹಾಕಬೇಡಿ. ಬಟ್ಟೆ, ಬಂದೂಕಿನ ಬಣ್ಣ ಎಂದು ಕೊಂಡದ್ದೆಲ್ಲ ಆ ಗೇಮ್ ಇರುವವರೆಗೆ ಮಾತ್ರ. 2022ರ ಜುಲೈ ಕೊನೆಗೆ ಅದನ್ನು ಭಾರತದ ಆ್ಯಪ್ ಸ್ಟೋರುಗಳಿಂದ ತೆಗೆದರು. ಮರಳಿ ಬಂದದ್ದು 2023ರ ಮೇ ತಿಂಗಳಲ್ಲಿ. ನಡುವೆ ಫೋನ್ ಬದಲಿಸಿದವರಿಗೆ ತಾವು ಕೊಂಡದ್ದರ ಹತ್ತಿರ ಹೋಗಲು ನೇರ ದಾರಿಯೇ ಇರಲಿಲ್ಲ.

ಕೊಳ್ಳುವ ಕ್ರಮ ಹೀಗಿರಲಿ. ಸ್ಟೀಮ್ ಖಾತೆ ಮಾಡಿ, ಗೇಮನ್ನು ವಿಶ್‌ಲಿಸ್ಟಿಗೆ ಹಾಕಿ. ಜೂನ್ ಕೊನೆಯ ಬೇಸಿಗೆ ಸೇಲ್, ಡಿಸೆಂಬರ್ ಕೊನೆಯ ಚಳಿಗಾಲದ ಸೇಲ್ ಎರಡೂ ದೊಡ್ಡವು, ಬೆಲೆ ಇಳಿದಾಗ ಮೇಲ್ ಬರುತ್ತದೆ. ಯುಪಿಐ ನಡೆಯುತ್ತದೆ. ಕಾರ್ಡ್ ಬಳಸುವವರಿದ್ದರೆ ಒಂದು ವಿಷಯ: 2020ರ ನಂತರದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ಬ್ಯಾಂಕ್ ಆ್ಯಪಿನಲ್ಲಿ ಚಾಲೂ ಮಾಡಬೇಕಾಗಬಹುದು. ಕೊಂಡ 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ ರೊಕ್ಕ ವಾಪಸ್ ಕೇಳಬಹುದು. ಆ ಎರಡು ತಾಸನ್ನು ಕಥೆ ನೋಡುತ್ತ ಕಳೆಯಬೇಡಿ. ಮೊದಲ ಅರ್ಧ ತಾಸಿನಲ್ಲೇ ನಿಮ್ಮ ಕಂಪ್ಯೂಟರಿನಲ್ಲಿ ಸರಾಗ ಓಡುತ್ತದೆಯೇ, ಎಷ್ಟು ಕಾಯುತ್ತದೆ, ಎಲ್ಲಿ ಸೇವ್ ಆಗುತ್ತದೆ, ನೆಟ್ ತೆಗೆದರೆ ತೆರೆಯುತ್ತದೆಯೇ ಎಂದು ನೋಡಿಬಿಡಿ.

ನೂರು ರೂಪಾಯಿಗೆ ಪೂರಾ ಖಾತೆಯನ್ನೇ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಅದೇ ಖಾತೆ ಎಷ್ಟೋ ಜನರಿಗೆ ಮಾರಿರುತ್ತಾರೆ, ಪಾಸ್‌ವರ್ಡ್ ಬದಲಾದ ದಿನ ಕೇಳಲು ಯಾರೂ ಇರುವುದಿಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರವರೆಗೆ ಸೇರಬಹುದು. ಒಬ್ಬರು ಕೊಂಡದ್ದನ್ನು ಉಳಿದವರೂ ಆಡಬಹುದು, ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರು ಎಂಬುದಷ್ಟೇ ನಿಯಮ. ಸೇರಿಸುವ ಮೊದಲು ಯೋಚಿಸಿ, ಒಬ್ಬರು ಬಿಟ್ಟು ಹೋದರೆ ಆ ಜಾಗ ತುಂಬಲು ವರ್ಷ ಕಾಯಬೇಕಾಗುತ್ತದೆ.

ಸ್ಟಾರ್ಡ್ಯೂ ಹೊಲವನ್ನು ಇಬ್ಬರು ಕೂಡಿ ಮಾಡುವುದಾದರೆ ಎರಡನೇ ಪ್ರತಿಯನ್ನೂ ಕೊಳ್ಳಬೇಕಿಲ್ಲ. ಒಂದೇ ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಕಂಟ್ರೋಲರ್ ಹಚ್ಚಿ, ಒಬ್ಬರಿಗೆ ಕೀಬೋರ್ಡ್, ಒಬ್ಬರಿಗೆ ಕಂಟ್ರೋಲರ್. ಮೊದಲೇ ಗೇಮಿನೊಳಗಿನ ಬಡಗಿ ರಾಬಿನ್ ಹತ್ತಿರ ಎರಡನೆಯವರಿಗೆ ಒಂದು ಕ್ಯಾಬಿನ್ ಕಟ್ಟಿಸಿರಬೇಕು, ಅದಿಲ್ಲದಿದ್ದರೆ ಅವರಿಗೆ ಹೊಲಕ್ಕೆ ಬರಲು ಆಗುವುದಿಲ್ಲ.